ಮಳೆಗಾಲದ ಜಗಲಿ ಶಾಲೆ

ನಮ್ಮೂರಿನಿಂದ ಶಾಲೆಗೆ ಹೋಗಬೇಕೆಂದರೆ ಒಂದು ಹಳ್ಳ ದಾಟಬೇಕಿತ್ತು. ಅಡಿಕೆ ಮರದ ಎರಡು ಕಾಂಡ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿದ ಸಂಕ ಅದಕ್ಕೆ. ಬೇಸಿಗೆಯಲ್ಲಿ ಸಂಕದ ಹಂಗೇ ಇಲ್ಲ, ಕಲ್ಲಿಂದ ಕಲ್ಲಿಗೆ ಜಿಗಿದರೆ ಆಚೆ ದಡ. ಆರಿದ್ರಾ ಮಳೆ ಹಿಡಿಯಿತೆಂದರೆ ಹಳ್ಳದ ಸ್ವರವೇ ಬೇರೆ. ಪ್ರತಿ ವರ್ಷ ಒಂದಲ್ಲ ಒಂದು ರಾತ್ರಿ ಸಂಕ ಕೊಚ್ಚಿಕೊಂಡು ಹೋಗುತ್ತಿತ್ತು. ಹೊಸದು ಹಾಕಲು ನೀರು ಇಳಿಯಬೇಕು, ನೀರು ಇಳಿಯಲು ಪುನರ್ವಸು, ಪುಷ್ಯ ಕಳೆದು ಆಶ್ಲೇಷವೂ ಮುಗಿಯಬೇಕು. ಅಲ್ಲಿಯ ತನಕ ನಮ್ಮ ಮನೆ, ದೊಡ್ಡಪ್ಪನ ಮನೆ, ಗುಡ್ಡದ ಮಗ್ಗುಲಿನ ಇನ್ನೆರಡು ಮನೆ, ಇಷ್ಟೂ ಕಡೆಯ ಮಕ್ಕಳಿಗೆ ಶಾಲೆ ಎಂದರೆ ನಮ್ಮ ಜಗಲಿ, ಮೇಷ್ಟ್ರು ಎಂದರೆ ನಮ್ಮ ಅತ್ತೆ.

ಸಾಗರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಶರಾವತಿ ಹಿನ್ನೀರಿಗೆ ಹತ್ತಿರದ ಊರು ನಮ್ಮದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತ ಮೇಲೆ ಎಷ್ಟೋ ಊರುಗಳು ಮುಳುಗಿದವು, ಮುಳುಗದೆ ಉಳಿದ ಊರುಗಳ ದಾರಿ ಮುಳುಗಿತು. ನಾನು ಹೇಳುತ್ತಿರುವುದು 1970ರ ದಶಕದ ಮಾತು. ಶರಾವತಿಯ ವಿದ್ಯುತ್ತು ಬೆಂಗಳೂರಿನ ತನಕ ಹರಿಯುತ್ತಿದ್ದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆಯ ಲಾಟೀನು. ಅತ್ತೆ ನಮಗೆ ಓದಿ ಹೇಳಿದ್ದು, ನಮ್ಮಿಂದ ಓದಿಸಿದ್ದು ಎಲ್ಲ ಆ ಬೆಳಕಿನಲ್ಲೇ.

ಅತ್ತೆ ಅಪ್ಪಯ್ಯನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಎಲ್.ಎಸ್., ಅಂದರೆ ಲೋವರ್ ಸೆಕೆಂಡರಿ, ಪಾಸು ಮಾಡಿದ್ದಳು. ಆ ಕಾಲದಲ್ಲಿ ಅಷ್ಟು ಓದಿದ ಹೆಣ್ಣುಮಗಳು ಮೇಷ್ಟ್ರಾಗಿ ಎಲ್ಲಾದರೂ ಕೆಲಸಕ್ಕೆ ಸೇರಬಹುದಿತ್ತು. ಅವಳಿಗೆ ಆ ದಾರಿ ತೆರೆಯಲಿಲ್ಲ. ಆ ನೋವನ್ನು ಅವಳು ಒಂದು ದಿನವೂ ನಮ್ಮೆದುರು ಹೇಳಿಕೊಂಡದ್ದಿಲ್ಲ. ಆದರೆ ಸಂಕ ಹೋದ ಮರುದಿನ ಬೆಳಗ್ಗೆ ಅವಳು ಜಗಲಿ ಗುಡಿಸಿ, ಚಾಪೆ ಹಾಸಿ, ಪಾಟಿಗಳನ್ನು ಸಾಲಾಗಿ ಇಟ್ಟು, ಒಗೆದ ಸೀರೆ ಉಟ್ಟು ಬಂದು ಕೂರುತ್ತಿದ್ದ ರೀತಿ ನೋಡಿದವರಿಗೆ ಅವಳ ಒಳಗಿದ್ದ ಮೇಷ್ಟ್ರು ಎಂಥವರು ಎಂದು ಗೊತ್ತಾಗುತ್ತಿತ್ತು. ಈಗ ನನಗೆ ಆಗ ಅವಳಿಗಿದ್ದದ್ದಕ್ಕಿಂತ ಹೆಚ್ಚು ವಯಸ್ಸು. ಅವಳಿಗೆ ಮಳೆಗಾಲ ಅಷ್ಟು ಇಷ್ಟವಾಗಿದ್ದದ್ದು ಯಾಕೆಂದು ಈಗ ಅರ್ಥವಾಗುತ್ತದೆ.

ಗಣಿತ, ಭೂಗೋಳ, ಮಗ್ಗಿ ಎಲ್ಲ ಇತ್ತು. ಶಾಲೆಯ ಪುಸ್ತಕ ಹಿಂದುಳಿಯಲು ಅವಳು ಬಿಟ್ಟವಳಲ್ಲ. ಅವನ್ನು ಬೆಳಗಿನ ಹೊತ್ತಿನಲ್ಲೇ ಚಕಚಕನೆ ಮುಗಿಸಿಬಿಡುತ್ತಿದ್ದಳು. ನಮಗೆಲ್ಲ ಇವತ್ತಿಗೂ ಮೈಯೊಳಗೆ ಉಳಿದಿರುವುದು ಆಮೇಲಿನದು: ಚಿತ್ರ, ಕೈಕೆಲಸ, ಕಥೆ. ಈ ಮೂರಕ್ಕೂ ಅವಳಲ್ಲಿ ಬೇರೆ ಬೇರೆ ಪೀರಿಯಡ್ ಇರಲಿಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರೆ ಉಳಿದವರ ಕೈಯಲ್ಲಿ ಕೆಲಸ ಇರಲೇಬೇಕು. ಸುಮ್ಮನೆ ಕೈಕಟ್ಟಿ ಕೂತು ಕಥೆ ಕೇಳುವ ಪದ್ಧತಿ ಆ ಜಗಲಿಯಲ್ಲಿ ಇರಲೇ ಇಲ್ಲ. ಕೈ ಕೆಲಸ ಮಾಡುತ್ತಿದ್ದರೆ ಮನಸ್ಸು ಅಲೆಯುವುದಿಲ್ಲ, ಮನಸ್ಸು ಅಲೆಯದಿದ್ದರೆ ಕಿವಿ ಸರಿಯಾಗಿ ಕೇಳುತ್ತದೆ ಎಂದು ಅವಳು ನಂಬಿದ್ದಳು. ನಾನು ಮುಂದೆ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಶಿಕ್ಷಣದ ಬಗ್ಗೆ ದೊಡ್ಡವರು ಬರೆದದ್ದನ್ನು ಓದಿದೆ. ಅತ್ತೆಯ ಆ ಒಂದು ನಂಬಿಕೆಯನ್ನು ಬದಲಿಸಿಕೊಳ್ಳಬೇಕು ಎನ್ನಿಸುವ ಮಾತು ಎಲ್ಲೂ ಸಿಗಲಿಲ್ಲ.

ಚಿತ್ರಕ್ಕೆ ಮೊದಲು ಪಾಟಿ. ತೊಂಡೆ ಸೊಪ್ಪು ಮತ್ತು ಇದ್ದಿಲು ಹಾಕಿ ಉಜ್ಜಿ ಕಪ್ಪಗೆ ಮಾಡಿಕೊಂಡ ಪಾಟಿಯ ಮೇಲೆ ದಿನಕ್ಕೆ ಒಂದೇ ವಸ್ತು ಬರೆಯಬೇಕು. ವಸ್ತು ಅಂಗಳದಿಂದಲೇ ಬರುತ್ತಿತ್ತು. ಕೆಸುವಿನ ಎಲೆ. ಗೋಡೆ ಏರುತ್ತಿರುವ ಬಸವನಹುಳು. ಉದುರಿ ಬಿದ್ದ ಅಡಿಕೆ ಹಾಳೆ. ಹುಡುಗರು ನಾವು ಎಲೆ ಎಂದ ಕೂಡಲೇ ಮಾವಿನ ಎಲೆಯ ಆಕಾರ ಎಳೆದು, ನಡುವೆ ಒಂದು ಗೀಟು ಹಾಕಿ ಪಾಟಿ ಎತ್ತಿ ತೋರಿಸುತ್ತಿದ್ದೆವು. ಅತ್ತೆ ಬೈಯುತ್ತಿರಲಿಲ್ಲ. ಕೆಸುವಿನ ಎಲೆಯನ್ನು ಮುಖದ ಹತ್ತಿರ ಹಿಡಿದು, "ಗೊತ್ತಿದ್ದದ್ದು ಬರೆಯಡ ತಮಾ, ಕಂಡಿದ್ದು ಬರೆ" ಎನ್ನುತ್ತಿದ್ದಳು. ಆಮೇಲೆ ನೋಡಿದರೆ ಆ ಎಲೆಗೆ ತೊಟ್ಟು ಅಂಚಿನಲ್ಲಿ ಸೇರಿರುತ್ತಲೇ ಇರಲಿಲ್ಲ, ಎಲೆಯ ಹಿಂಬದಿಯಲ್ಲಿ, ಒಳಗೆ ಸೇರಿರುತ್ತಿತ್ತು. ಮಳೆಹನಿ ಎಲೆಗೆ ಅಂಟದೆ ಉರುಳುತ್ತ, ಕೊನೆಗೆ ನಡುವಿನ ತಗ್ಗಿಗೆ ಬಂದು ಒಂದಾಗುತ್ತಿತ್ತು. ಅಷ್ಟು ಹೊತ್ತು ನೋಡಿದ ಮೇಲೆ ಬರೆದ ಎಲೆ ಕೆಸುವಿನ ಎಲೆಯೇ ಆಗಿರುತ್ತಿತ್ತು.

ಸಂಜೆಗೆ ಪಾಟಿ ಒರೆಸಲೇಬೇಕು. ದೊಡ್ಡಪ್ಪನ ಕಿರಿಮಗ ತನ್ನ ಬಸವನಹುಳುವನ್ನು ಒರೆಸಲು ಒಪ್ಪದೆ ಪಾಟಿಯನ್ನು ಎದೆಗವಚಿಕೊಂಡು ಮಲಗಿದ್ದ, ಬೆಳಗಾಗುವಷ್ಟರಲ್ಲಿ ಹುಳು ಪೂರ್ತಿ ಅವನ ಅಂಗಿಗೆ ಬಂದಿತ್ತು. ಶನಿವಾರದ ಚಿತ್ರ ಮಾತ್ರ ಕಾಗದದ ಮೇಲೆ. ಕಾಗದ ಎಂದರೆ ಅಡಿಕೆ ಮಂಡಿಯಿಂದ ಬರುತ್ತಿದ್ದ ಪಟ್ಟಿಗಳ ಹಿಂಬದಿ. ಮುಂದೆ ಚೀಲ, ತೂಕ, ದರ, ಹಮಾಲಿ, ಕಳೆದು ಉಳಿದ ಮೊತ್ತ. ಹಿಂದೆ ನಮ್ಮ ನವಿಲು, ಮಂಗಟ್ಟೆ ಹಕ್ಕಿ, ದೋಣಿ. ಅಪ್ಪಯ್ಯ ಹಳೇ ಲೆಕ್ಕ ಹುಡುಕುವಾಗ ಎಷ್ಟೋ ಸಲ ಪಟ್ಟಿ ತಿರುಗಿಸಿ ಚಿತ್ರ ನೋಡುತ್ತ ಲೆಕ್ಕ ಮರೆತು ಕೂತದ್ದನ್ನು ನಾವು ಕಂಡಿದ್ದೇವೆ.

ಬಣ್ಣಕ್ಕೆ ಪೇಟೆ ಬೇಕಾಗಿರಲಿಲ್ಲ. ಚಿಕ್ಕಪ್ಪ ಒಮ್ಮೆ ಶಿವಮೊಗ್ಗದಿಂದ ಕ್ಯಾಮಲ್ ಬಣ್ಣದ ಪೆಟ್ಟಿಗೆ ತಂದುಕೊಟ್ಟಿದ್ದ. ಅದನ್ನು ದೇವರ ಪೆಟ್ಟಿಗೆಯ ಪಕ್ಕ ಇಟ್ಟುಕೊಂಡು ಹಬ್ಬಕ್ಕೆ ಮಾತ್ರ ತೆಗೆಯುತ್ತಿದ್ದೆವು. ದಿನದ ಬಣ್ಣ ಹಿತ್ತಿಲಿನಲ್ಲೇ ಇತ್ತು. ಬಸಳೆ ಹಣ್ಣು ಹಿಂಡಿದರೆ ನೇರಳೆ. ಅರಿಸಿನ ಹಳದಿ, ಅದಕ್ಕೆ ಚಿಟಿಕೆ ಸುಣ್ಣ ಸೇರಿದರೆ ಕೆಂಪು. ಅಡಿಕೆ ಬೇಯಿಸಿದ ಚೊಗರು ಹಳೆಯ ಮಡಕೆಯಲ್ಲಿ ಉಳಿದಿರುತ್ತಿತ್ತು, ಅದರ ಕಂದು ಬಣ್ಣ ಒಮ್ಮೆ ಹತ್ತಿದರೆ ಕಾಗದಕ್ಕೂ ಸರಿ, ಅಂಗಿಗೂ ಸರಿ, ಜನ್ಮಕ್ಕೆ ಬಿಡುವುದಿಲ್ಲ. ಹಕ್ಕಿಯ ರೆಕ್ಕೆಗೆ, ಮರದ ತೊಗಟೆಗೆ, ಕುದುರೆಗೆ ನಾವು ಬಳಿದದ್ದೆಲ್ಲ ಚೊಗರೇ. ಐವತ್ತು ವರ್ಷದ ಹಿಂದಿನ ಮಂಡಿ ಪಟ್ಟಿಗಳು ಕೆಲವು ನನ್ನ ಹತ್ತಿರ ಇವೆ. ಕ್ಯಾಮಲ್ ಬಣ್ಣ ಮಾಸಿದೆ, ಚೊಗರಿನ ಕುದುರೆ ಹಾಗೇ ನಿಂತಿದೆ.

ಕೈಕೆಲಸದಲ್ಲಿ ಆಟದ ಸಾಮಾನು, ಮನೆಗೆ ಬೇಕಾದ ಸಾಮಾನು ಎಂದು ಅವಳು ಭೇದ ಮಾಡುತ್ತಿರಲಿಲ್ಲ. ಹಾಳೆ ನೆನೆಹಾಕಿ ಟೊಪ್ಪಿ ಮಾಡುವುದು, ಬಾಳೆನಾರು ಹೊಸೆಯುವುದು, ಹತ್ತಿ ಹಿಂಜಿ ಬತ್ತಿ ಹೊಸೆಯುವುದು, ಗೆಜ್ಜೆವಸ್ತ್ರಕ್ಕೆ ಕುಂಕುಮ ತಾಗಿಸುವುದು. ಗಂಡುಮಕ್ಕಳೂ ಗೆಜ್ಜೆವಸ್ತ್ರ ಮಾಡಬೇಕು, ಹೆಣ್ಣುಮಕ್ಕಳೂ ಕತ್ತಿ ಹಿಡಿದು ವಾಟೆ ಬಿದಿರು ಕೊಯ್ದು ಪೆಟ್ಲು ಮಾಡಬೇಕು. ಅಜ್ಜಿಗೆ ಇದು ಹಿಡಿಸುತ್ತಿರಲಿಲ್ಲ. ಅತ್ತೆ ಮರುಮಾತಾಡದೆ ತನ್ನ ದಾರಿಯಲ್ಲೇ ಹೋಗುತ್ತಿದ್ದಳು. ಅಕ್ಕ ಮಾಡಿದ ಪೆಟ್ಲಿಗೆ ಜುಮ್ಮನಕಾಯಿ ಹಾಕಿ ಹೊಡೆದರೆ ಶಬ್ದ ದೊಡ್ಡಪ್ಪನ ಮನೆಯ ತನಕ ಕೇಳುತ್ತಿತ್ತು. ನಮ್ಮ ಯಾರ ಪೆಟ್ಲಿಗೂ ಆ ಬಿಗಿ ಬರಲಿಲ್ಲ.

ಎಲ್ಲಕ್ಕಿಂತ ನನಗೆ ಪ್ರಿಯವಾಗಿದ್ದದ್ದು ಪುಸ್ತಕ ಕಟ್ಟುವ ಕೆಲಸ. ಚಂದಮಾಮ ಕನ್ನಡದಲ್ಲಿ ಶುರುವಾದದ್ದು 1949ರಲ್ಲಿ. ಮೊದಮೊದಲ ವರ್ಷಗಳ ಸಂಚಿಕೆಗಳಿಂದಲೇ ಅತ್ತೆ ಅದನ್ನು ಕೂಡಿಟ್ಟಿದ್ದಳು, ತಾನು ಹುಡುಗಿಯಾಗಿದ್ದಾಗಿನವು. ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಮುಖಪುಟಗಳು ಅವುಗಳಲ್ಲಿದ್ದವು. ಮೆತ್ತಿನ ಮೇಲೆ ಒಲೆಯ ಹೊಗೆ ತಾಗುವಲ್ಲಿ ಇಟ್ಟದ್ದರಿಂದ ಗೆದ್ದಲು ಹತ್ತಿರಲಿಲ್ಲ, ಆದರೆ ಹೊಲಿಗೆ ಬಿಟ್ಟಿದ್ದವು. ಮಳೆಗಾಲದಲ್ಲಿ ಅವನ್ನು ಇಳಿಸಿ, ವರ್ಷಕ್ಕೆ ಹನ್ನೆರಡರಂತೆ ಜೋಡಿಸಿ, ಗೋಣಿದಬ್ಬಣದಲ್ಲಿ ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿಯುತ್ತಿದ್ದೆವು. ರಟ್ಟು ಅಂಟಿಸಲು ಮೈದಾ ಗಂಜಿ. ಆ ಗಂಜಿಗೆ ಅತ್ತೆ ತಾನೇ ಚಿಟಿಕೆ ಮೈಲುತುತ್ತ ಹಾಕುತ್ತಿದ್ದಳು, ನಮ್ಮ ಕೈಗೆ ಅದನ್ನು ಕೊಡುತ್ತಿರಲಿಲ್ಲ. ವಿಷ ಅದು. ಅದು ಬಿದ್ದ ಅಂಟಿಗೆ ಹುಳ ಬರುವುದಿಲ್ಲ. ಗಂಜಿಯೊಳಗೆ ಆ ನೀಲಿ ಹರಳು ಕರಗುತ್ತ ಬಿಳಿಯೆಲ್ಲ ತಿಳಿನೀಲಿಯಾಗುವುದನ್ನು ನೋಡಲು ನಾವು ಬಗ್ಗಿ ತಲೆಗೆ ತಲೆ ತಾಗಿಸಿ ಕೂರುತ್ತಿದ್ದೆವು.

ಮೈಲುತುತ್ತ ಅಡಿಕೆ ತೋಟದ ಮನೆಗಳಲ್ಲಿ ಇದ್ದೇ ಇರುವ ವಸ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ನಮ್ಮ ಅನುಪಾತದ ಲೆಕ್ಕವೆಲ್ಲ ಇದರ ಮೇಲೆಯೇ. ಹದಿನೆಂಟು ಲೀಟರಿನ ಡಬ್ಬಕ್ಕೆ ಎಷ್ಟು ಮೈಲುತುತ್ತ, ಎರಡು ಎಕರೆ ತೋಟಕ್ಕೆ ಎಷ್ಟು ಡಬ್ಬ? ದ್ರಾವಣ ಸರಿಯಾಯಿತೇ ಎಂದು ನೋಡಲು ಅಪ್ಪಯ್ಯ ಕತ್ತಿಯನ್ನು ಅದರಲ್ಲಿ ಅದ್ದಿ ತೆಗೆಯುತ್ತಿದ್ದ. ಕಬ್ಬಿಣಕ್ಕೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಎಂದು ಅರ್ಥ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಈ ಮದ್ದನ್ನು ಮಲೆನಾಡಿನ ತೋಟಗಳಿಗೆ ಹೇಳಿಕೊಟ್ಟದ್ದನ್ನು ಅತ್ತೆ ಒಂದು ಕಥೆಯಾಗಿಯೇ ಹೇಳುತ್ತಿದ್ದಳು. ಕಡಲಾಚೆಯಿಂದ ಬಂದ ಒಬ್ಬ ಮನುಷ್ಯ ನಮ್ಮ ಅಡಿಕೆ ಕೊನೆಗೆ ಬಿದ್ದ ಕೊಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂತಿದ್ದ ಎಂಬುದು ನಮಗೆ ಚಂದಮಾಮದ ಯಾವ ಕಥೆಗೂ ಕಡಿಮೆ ಅನ್ನಿಸುತ್ತಿರಲಿಲ್ಲ.

ಗುಡ್ಡದ ಮಗ್ಗುಲಿನ ಮನೆಯಿಂದ ವಾರಕ್ಕೊಮ್ಮೆ ಒಬ್ಬರು ಬರುತ್ತಿದ್ದರು. ದೀವರ ಮನೆಯ ಹೆಂಗಸು, ಸುತ್ತಿನ ಊರುಗಳ ಮದುವೆಗಳಿಗೆಲ್ಲ ಹಸೆಗೋಡೆ ಚಿತ್ತಾರ ಬರೆಯುತ್ತಿದ್ದವರು. ನಾವು ಅವರನ್ನು ಚಿತ್ತಾರದಮ್ಮ ಎಂದೇ ಕರೆಯುತ್ತಿದ್ದೆವು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅತ್ತೆ ಅವರನ್ನು ಕರೆಸಿದ್ದು ನಮಗೆ ಕಲಿಸಲು, ಕೂರಿಸಿದ್ದು ತನ್ನ ಚಾಪೆಯ ಮೇಲೆ, ತನ್ನ ಪಕ್ಕದಲ್ಲಿ. ಆ ಕಾಲದ ನಮ್ಮೂರಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಅಜ್ಜಿ ಎರಡು ದಿನ ಊಟ ಬಿಟ್ಟಿದ್ದರು. ಅತ್ತೆ ಆ ಎರಡು ದಿನವೂ ಅಜ್ಜಿಯ ಕಾಲು ಒತ್ತಿದಳು, ಹಾಲು ಕುಡಿಸಿದಳು, ಮುಂದಿನ ವಾರ ಚಾಪೆಯನ್ನು ಮತ್ತೆ ಅಲ್ಲೇ ಹಾಸಿದಳು.

ಚಿತ್ತಾರದಮ್ಮ ಕುಂಚವನ್ನು ಕಣ್ಣೆದುರೇ ಮಾಡುತ್ತಿದ್ದರು. ನೆನೆದ ಪುಂಡಿ ನಾರನ್ನು ಬೆರಳುದ್ದ ಕತ್ತರಿಸಿ, ಎಳೆ ಎಳೆಯಾಗಿ ಬಿಡಿಸಿ, ಬೇಕಾದಷ್ಟೇ ದಪ್ಪಕ್ಕೆ ಕೂಡಿಸಿ ಒಂದು ತುದಿಗೆ ದಾರ ಸುತ್ತುವುದು. ನೆನೆಸಿದ ಅಕ್ಕಿ ನುಣ್ಣಗೆ ಅರೆದರೆ ಬಿಳಿ. ಅಕ್ಕಿಯನ್ನೇ ಕರಿಯಾಗುವ ತನಕ ಹುರಿದು ಅರೆದರೆ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕೆಂಪಿಗೆ ಕೆಮ್ಮಣ್ಣು ಇದ್ದೇ ಇದೆ. ನಮಗೆ ಗೋಡೆ ಸಿಗುತ್ತಿರಲಿಲ್ಲ, ಹಳೆಯ ಗೆರಸಿಗೆ ಸಗಣಿ ಸಾರಿಸಿ, ಮೇಲೆ ಕೆಮ್ಮಣ್ಣು ಬಳಿದು, ಅಡುಗೆಮನೆಯ ಅಟ್ಟದಲ್ಲಿ ಒಣಗಿಸಿ ಅದರ ಮೇಲೆ ಬರೆಯುವುದು. ಮೊದಲು ಹೊರಗಿನ ಚೌಕಟ್ಟಿನ ಎಳೆ, ಆಮೇಲೆ ಒಳಗಿನದು. ನಾರನ್ನು ಅದ್ದಿ, ತುದಿಯನ್ನು ತಾಗಿಸಿ, ಆಮೇಲೆ ನಾರಿನ ಉದ್ದವನ್ನೇ ಮಲಗಿಸುತ್ತ ತನ್ನ ಕಡೆಗೆ ಎಳೆದುಕೊಳ್ಳುವುದು. "ಎಳೆ ಎಳೀವಾಗ ಉಸ್ರು ಬಿಡಬಾರ್ದು ಮಗಾ" ಎನ್ನುತ್ತಿದ್ದರು. ಎಳೆ ಮುಗಿದ ಮೇಲೆ ಎಂಟು ಹತ್ತು ಮಕ್ಕಳು ಒಟ್ಟಿಗೆ ಉಸಿರು ಬಿಡುವುದು ಒಳಮನೆಗೂ ಕೇಳುತ್ತಿತ್ತು.

ಅಕ್ಕಿ ಹಿಟ್ಟಿನ ಎಳೆ ಹಸಿಯಿದ್ದಾಗ ಕಾಣುವುದೇ ಇಲ್ಲ. ಕೆಂಪು ನೆಲದ ಮೇಲೆ ನೀರಿನ ಗೆರೆ ಎಳೆದಷ್ಟೇ ಕಾಣುತ್ತದೆ. ಒಣಗುತ್ತ ಬಂದ ಹಾಗೆ ಒಂದು ಕಡೆಯಿಂದ ಬೆಳ್ಳಗೆ ಮೇಲೇಳುತ್ತದೆ. ಮಳೆಗಾಲದ ತಂಡಿಯಲ್ಲಿ ಅದು ಒಣಗಲು ಎಷ್ಟು ಹೊತ್ತು! ಆ ಹೊತ್ತಿನಲ್ಲೇ ಅತ್ತೆ ಕಥೆ ತೆಗೆಯುತ್ತಿದ್ದಳು. ಕಥೆ ಕೇಳುತ್ತ ಆಗಾಗ ಕತ್ತು ತಿರುಗಿಸಿ ಗೆರಸಿ ನೋಡುವುದು. ಜೋಗಿಜಡೆಯ ಒಂದು ಹೆಣಿಗೆ ಕಂಡಿತೇ, ಭತ್ತದ ಸಸಿಯ ತುದಿ ಕಂಡಿತೇ ಎಂದು. ಪಂಜೆ ಮಂಗೇಶರಾಯರ ಒಡ್ಡನ ಓಟ, ಮೆಣಸಿನ ಕಾಳಪ್ಪ ಇವೆಲ್ಲ ನನ್ನ ಮನಸ್ಸಿನಲ್ಲಿ ಇವತ್ತಿಗೂ ಕೆಮ್ಮಣ್ಣಿನ ವಾಸನೆಯ ಜೊತೆಗೇ ಇವೆ.

ಗಟ್ಟಿಯಾಗಿ ಓದುವುದಕ್ಕೆ ಅತ್ತೆಯ ಕಟ್ಟಳೆಗಳು ಗಟ್ಟಿ. ಪುಟಕ್ಕೊಬ್ಬರಂತೆ ಪುಸ್ತಕ ಕೈ ಬದಲಿಸಬೇಕು. ಅಲ್ಪವಿರಾಮಕ್ಕೆ ನಿಲ್ಲಬೇಕು, ಪೂರ್ಣವಿರಾಮಕ್ಕೆ ಕೇಳುವವರ ಮುಖ ನೋಡಬೇಕು. ರಾಕ್ಷಸ ಬಂದನೆಂದು ಕಿರುಚಬಾರದು, ಮುದುಕಿ ಬಂದಳೆಂದು ನಡುಗಬಾರದು. ಅವರು ಹೇಗೆ ಮಾತಾಡುತ್ತಾರೆ ಎಂಬುದು ಕೇಳುವವರ ತಲೆಯಲ್ಲಿ ಆಗಲೇ ಇದೆ, ನೀನು ಅದನ್ನು ಕೆಡಿಸಬೇಡ ಎನ್ನುವುದು ಅವಳ ಮಾತು. ನನಗೆ ಓದುವುದೆಂದರೆ ಓಡುವುದು. ಕಥೆಯ ಕೊನೆ ತಿಳಿಯುವ ಆತುರ. ನಾನು ಪುಸ್ತಕ ಹಿಡಿದಾಗಲೆಲ್ಲ ಅವಳು ಹೊಸೆಯುತ್ತಿದ್ದ ಬತ್ತಿಯಿಂದ ಕಣ್ಣೆತ್ತದೆ, "ಓಡಡ ತಮಾ, ಕಥೆ ಎಲ್ಲೂ ಹೋಗ್ತಿಲ್ಲೆ, ಇಲ್ಲೇ ಇರ್ತು" ಎನ್ನುತ್ತಿದ್ದಳು. ಚೆನ್ನಾಗಿ ಓದಿದವರಿಗೆ ಬಹುಮಾನ ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಓಡಿದವರಿಗೂ ಕೊನೆಗೆ ಸಿಗುತ್ತಿತ್ತು.

ಪುಸ್ತಕಗಳು ಬಹಳ ಇರಲಿಲ್ಲ. ಕಾರಂತರ ಬಾಲಪ್ರಪಂಚದ ಮೂರು ಸಂಪುಟ ಅವಳ ಅಣ್ಣನ ಮನೆಯ ಆಸ್ತಿ, ಅದನ್ನು ಮುಟ್ಟುವ ಮೊದಲು ಕೈ ತೊಳೆಯಬೇಕು. ಕುವೆಂಪು ಅವರ ಕಿಂದರಿಜೋಗಿ ಎಲ್ಲರಿಗೂ ಬಾಯಿಗೆ ಬರುತ್ತಿತ್ತು, ಆದರೂ ಪುಸ್ತಕ ನೋಡಿಯೇ ಓದಿಸುತ್ತಿದ್ದಳು. ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಕಥೆ ಅದು, ಜರ್ಮನಿಯ ಒಂದು ಊರಿನದು, ಕುವೆಂಪು ಅದನ್ನು ನಮ್ಮ ತುಂಗೆಯ ದಡಕ್ಕೆ ತಂದರು ಎಂದು ಅತ್ತೆ ಹೇಳಿದಾಗ ಅಕ್ಕ ನಂಬಲೇ ಇಲ್ಲ. ಬೊಮ್ಮನಹಳ್ಳಿ ಎಲ್ಲೋ ತೀರ್ಥಹಳ್ಳಿಯ ಹತ್ತಿರ ಇದೆ ಎಂದೇ ಅವಳು ಬಹಳ ಕಾಲ ವಾದಿಸುತ್ತಿದ್ದಳು. ಹೊಸ ಚಂದಮಾಮ ಟಪಾಲಿನಲ್ಲಿ ಬಂದು ಹಳ್ಳದಾಚೆಯ ಅಂಗಡಿಯಲ್ಲಿ ಕೂತಿರುತ್ತಿತ್ತು. ನೀರು ಇಳಿದು ಸಂಕ ಹಾಕಿದ ದಿನ ಎರಡು ತಿಂಗಳ ಸಂಚಿಕೆ ಒಟ್ಟಿಗೆ ಮನೆಗೆ ಬರುತ್ತಿತ್ತು.

ಬೇತಾಳನ ಕಥೆಗಳನ್ನು ಅವಳು ಓದಿಸುತ್ತಿದ್ದ ಬಗೆ ಮಾತ್ರ ಬೇರೆಲ್ಲೂ ನಾನು ಕಂಡಿಲ್ಲ. ಬೇತಾಳ ಪ್ರಶ್ನೆ ಕೇಳುವಲ್ಲಿಗೆ ಬಂದರೆ ಪುಸ್ತಕ ಮುಚ್ಚಿಸುತ್ತಿದ್ದಳು. ಉತ್ತರ ನಾಳೆಗೆ. ರಾತ್ರಿ ಊಟದ ಎಲೆಯ ಮುಂದೆ, ಹಾಸಿಗೆಯಲ್ಲಿ, ಬೆಳಗ್ಗೆ ಹಲ್ಲುಜ್ಜುವಾಗ, ನಮಗೆಲ್ಲ ಅದೇ ಚರ್ಚೆ. ಒಂದು ಸಲ ಚಂದಮಾಮದ್ದಲ್ಲ, ಹಳೆಯ ಬೇತಾಳ ಪಂಚವಿಂಶತಿಯ ಕಥೆ. ಒಬ್ಬಳ ಗಂಡ ಮತ್ತು ಅಣ್ಣ ಇಬ್ಬರೂ ದೇವಿಯ ಗುಡಿಯಲ್ಲಿ ತಲೆ ಕತ್ತರಿಸಿಕೊಂಡಿದ್ದಾರೆ. ದೇವಿ ಒಲಿದು ತಲೆಗಳನ್ನು ಮುಂಡಗಳಿಗೆ ಜೋಡಿಸು ಎನ್ನುತ್ತಾಳೆ. ಅವಳು ಗಾಬರಿಯಲ್ಲಿ ಅದಲುಬದಲು ಜೋಡಿಸುತ್ತಾಳೆ. ಇಬ್ಬರೂ ಎದ್ದು ಕೂತರು, ಈಗ ಗಂಡ ಯಾರು?

ಆ ದಿನ ಚಿತ್ತಾರದಮ್ಮನೂ ಇದ್ದರು. ಅಕ್ಕ ಮುಖ ಇದ್ದವನೇ ಗಂಡ ಎಂದಳು. ದೊಡ್ಡಪ್ಪನ ಹಿರಿಮಗ ಮೈ ಇದ್ದವನು ಎಂದ. ವಾರ ಪೂರ್ತಿ ಎರಡು ಪಕ್ಷ. ಅತ್ತೆ ಕೊನೆಗೆ ವಿಕ್ರಮನ ಉತ್ತರ ಓದಿಸಿದಳು: ಅಂಗಗಳಲ್ಲಿ ತಲೆಯೇ ಹಿರಿದು, ಆದ್ದರಿಂದ ಗಂಡನ ತಲೆ ಇದ್ದವನೇ ಗಂಡ. ಚಿತ್ತಾರದಮ್ಮ ನಾರು ಅದ್ದುತ್ತಿದ್ದವರು ಕೈ ನಿಲ್ಲಿಸಿ, "ತಲೆ ಏನೋ ಹೇಳ್ತೈತೆ ಕಣ್ರಮ್ಮ, ಅನ್ನ ದುಡಿದು ಹಾಕಿದ್ದು ಕೈ ಅಲ್ವಾ? ಆ ಕೈ ಇವಳಿಗೆ ಗುರುತು ಸಿಕ್ಕದೇ ಹೋಗುತ್ತಾ?" ಎಂದರು. ಅತ್ತೆ ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ವಿಕ್ರಮ ರಾಜ ಅಲ್ದನೇ, ಅವಂಗೆ ಅದು ಗೊತ್ತಾಯಿದ್ದಿಲ್ಲೆ" ಎಂದಳು. ಮುಂದೆ ಕಾರ್ನಾಡರ ಹಯವದನ ನಾಟಕ ನೋಡಿದಾಗ, ತಲೆಗೂ ಮೈಗೂ ನಡುವಿನ ಆ ದೊಡ್ಡ ಜಗಳ ರಂಗದ ಮೇಲೆ ನಡೆಯುತ್ತಿರುವಾಗ, ನನಗೆ ಕಂಡದ್ದು ಅಕ್ಕಿ ಹಿಟ್ಟು ಮೆತ್ತಿದ ಚಿತ್ತಾರದಮ್ಮನ ಬೆರಳುಗಳು.

ಶ್ರಾವಣ ಕಳೆದು, ಸಂಕ ಬಂದು, ನಾವು ಆಚೆ ಶಾಲೆಗೆ ಹೋಗತೊಡಗಿದ ಮೇಲೂ ಜಗಲಿ ಶಾಲೆ ಪೂರ್ತಿ ಮುಚ್ಚುತ್ತಿರಲಿಲ್ಲ. ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವುದಿತ್ತು. ಆಶ್ವಿಜದ ಆ ಹುಣ್ಣಿಮೆಯಲ್ಲಿ ತೆನೆ ತುಂಬಿದ ಗದ್ದೆ ಬಸುರಿ ಹೆಂಗಸು. ಅವಳ ಬಯಕೆಯ ಊಟವನ್ನು ಹೊತ್ತುಕೊಂಡು ಹೋಗುವ ಬುಟ್ಟಿಗೆ ಮಳೆಗಾಲವಿಡೀ ಗೆರಸಿಯ ಮೇಲೆ ಕಲಿತ ಎಳೆಗಳನ್ನೆಲ್ಲ ಬರೆಯಬೇಕು. ದೀವರ ಕೇರಿಯಲ್ಲಿ ಅದು ವರ್ಷದ ದೊಡ್ಡ ಹಬ್ಬ. ನಮ್ಮಲ್ಲಿ ಅಷ್ಟು ಅದ್ದೂರಿ ಇರಲಿಲ್ಲ, ಚಿತ್ತಾರದಮ್ಮನ ಬುಟ್ಟಿಗೆ ನಾವು ಸಹಾಯಕ್ಕೆ ಹೋಗುತ್ತಿದ್ದೆವು. ನನ್ನ ಪಾಲಿಗೆ ಬಂದದ್ದು ಏಣಿಯ ಮೆಟ್ಟಿಲುಗಳು. ಅಕ್ಕನಿಗೆ ಹಕ್ಕಿ ಬರೆಯಲು ಬಿಟ್ಟಿದ್ದರು, ಅದು ದೊಡ್ಡ ಮರ್ಯಾದೆ.

ಅದು ಮುಗಿದರೆ ಅಡಿಕೆ ಕೊಯ್ಲು. ರಾತ್ರಿ ಊಟವಾದ ಮೇಲೆ ಅಂಗಳದ ಚಪ್ಪರದ ಕೆಳಗೆ ಅಡಿಕೆ ರಾಶಿಯ ಸುತ್ತ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು ಕೂರುತ್ತಿದ್ದರು, ಮನೆಯವರು, ಅಕ್ಕಪಕ್ಕದವರು, ಕೂಲಿಗೆ ಬಂದವರು, ಎಲ್ಲ ಸೇರಿ. ಲಾಟೀನಿನ ಹತ್ತಿರದ ಜಾಗ ಓದುವವರಿಗೆ. ಅಲ್ಲಿ ಹೆಚ್ಚಾಗಿ ಅತ್ತೆಯೇ ಕೂತು ಜೈಮಿನಿ ಭಾರತದ ಚಂದ್ರಹಾಸನ ಕಥೆ ಓದುತ್ತಿದ್ದಳು. ಪದ್ಯ ಓದಿ, ನಿಲ್ಲಿಸಿ, ಅರ್ಥ ಹೇಳಿ, ಮುಂದಿನ ಪದ್ಯ. ಮಳೆಗಾಲದ ಓದು ತಿದ್ದಿಕೊಂಡ ಮಕ್ಕಳಿಗೆ ಆ ಜಾಗದಲ್ಲಿ ಒಂದು ರಾತ್ರಿ ಸಿಗುತ್ತಿತ್ತು. ನಮ್ಮ ಪರೀಕ್ಷೆ ಎಂದರೆ ಅದು. ಎದುರಿಗೆ ಇಪ್ಪತ್ತು ಮೂವತ್ತು ಜನ ದೊಡ್ಡವರು, ಎಲ್ಲರ ಕೈಯೂ ಓಡುತ್ತಿದೆ, ಸಿಪ್ಪೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ನನ್ನ ಸರದಿ ಬಂದ ರಾತ್ರಿ ನಾನು ಪಂಜೆಯವರ ಕಥೆ ಹಿಡಿದುಕೊಂಡೆ. ಮೊದಲ ಪುಟದಲ್ಲಿ ಸ್ವರ ಹೊರಡಲಿಲ್ಲ. ಎರಡನೇ ಪುಟಕ್ಕೆ ಬರುವಾಗ ಗಮನಿಸಿದೆ: ನಾನು ಓದುವ ನಡೆಗೂ ಕತ್ತಿಗಳು ನಡೆಯುವ ನಡೆಗೂ ಒಂದು ಹೊಂದಾಣಿಕೆ ಬರುತ್ತಿದೆ. ನಾನು ನಿಧಾನಿಸಿದರೆ ಅವರು ನಿಧಾನಿಸುತ್ತಾರೆ, ಕಥೆ ಬಿಗಿಯಾಗುವಲ್ಲಿ ಕೆಲವರ ಕೈ ನಿಂತೇ ಹೋಗುತ್ತದೆ. ಓಡಡ ಎಂದು ಅತ್ತೆ ಎಷ್ಟೋ ವರ್ಷ ಹೇಳಿದ್ದ ಮಾತು ಅದು, ಆ ರಾತ್ರಿ ನನ್ನ ಬಾಯಿಗೆ ಬಂತು. ಓದು ಮುಗಿದಾಗ ಹಿರಿಯರೊಬ್ಬರು, ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಕೊನೆ ಕೊಯ್ಯುತ್ತಿದ್ದವರು, ತಮ್ಮ ಮಡಿಲಿನಿಂದ ಒಂದು ಹಿಡಿ ಸುಟ್ಟ ಗೇರುಬೀಜ ತೆಗೆದು ನನ್ನ ಅಂಗೈಗೆ ಹಾಕಿದರು. ನಾನು ಅತ್ತೆಯ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅಡಿಕೆ ಸುಲಿಯುತ್ತಿದ್ದಳು, ಬಾಯಿ ತುಂಬ ನಗುತ್ತಿದ್ದಳು.

ನಾವೆಲ್ಲ ಒಬ್ಬೊಬ್ಬರೇ ದಡ ದಾಟಿದೆವು. ಹೈಸ್ಕೂಲಿಗೆ ಸಾಗರ, ಆಮೇಲೆ ಶಿವಮೊಗ್ಗ, ಮೈಸೂರು. ಹಳ್ಳಕ್ಕೆ ಸಿಮೆಂಟಿನ ಮೋರಿ ಬಂತು, ಅದಾದ ಮೇಲೆ ಮಳೆಗಾಲದಲ್ಲಿ ಶಾಲೆ ತಪ್ಪಿಸುವ ಕಾರಣವೇ ಉಳಿಯಲಿಲ್ಲ. ಊರಿಗೆ ದಾರಿ ಬಂದದ್ದು ಸಂತೋಷವೇ. ಮಳೆಗಾಲದಲ್ಲಿ ಹೆರಿಗೆಗೆ, ಹಾವು ಕಚ್ಚಿದ್ದಕ್ಕೆ ಕಂಬಳಿಯಲ್ಲಿ ಹೊತ್ತುಕೊಂಡು ಹಳ್ಳದ ದಡಕ್ಕೆ ಬಂದು ನಿಂತವರ ಮುಖ ನೋಡಿದ್ದೇನೆ. ಆದರೆ ಅತ್ತೆ ಆಮೇಲಿನ ಮಳೆಗಾಲಗಳಲ್ಲಿ ಬೆಳಗಿನ ಹೊತ್ತು ಜಗಲಿಯ ತುದಿಗೆ ಬಂದು ದಾರಿ ನೋಡಿ ಒಳಗೆ ಹೋಗುತ್ತಿದ್ದಳೆಂದು ಅಮ್ಮ ಹೇಳಿದಾಗ ನನಗೆ ಆ ದಿನ ಊಟ ಸೇರಲಿಲ್ಲ. ರಜೆಗೆ ಬಂದಾಗಲೆಲ್ಲ ನಾವು ಅವಳಿಗೆ ಓದಿ ಹೇಳುತ್ತಿದ್ದೆವು. ಕಣ್ಣು ಮಂಜಾದ ಮೇಲೂ ಅವಳ ಕೈಯಲ್ಲಿ ಹತ್ತಿ ಇರುತ್ತಿತ್ತು.

ದೊಡ್ಡಪ್ಪನ ಕಿರಿಮಗ, ಬಸವನಹುಳುವನ್ನು ಅಂಗಿಗೆ ಅಚ್ಚೊತ್ತಿಕೊಂಡವನು, ಈಗ ಅಮೆರಿಕದ ಡಲ್ಲಾಸಿನಲ್ಲಿದ್ದಾನೆ. ಭಾನುವಾರಗಳಲ್ಲಿ ತನ್ನ ಮಕ್ಕಳಿಗೂ ಪಕ್ಕದ ಕನ್ನಡದ ಮನೆಗಳ ಮಕ್ಕಳಿಗೂ ಬೇತಾಳನ ಕಥೆ ಓದಿ ಹೇಳುತ್ತಾನಂತೆ, ಪ್ರಶ್ನೆ ಬಂದ ಕಡೆ ನಿಲ್ಲಿಸಿಬಿಡುತ್ತಾನಂತೆ. ಮುಂದಿನ ವಾರದ ತನಕ ಮಕ್ಕಳು ಕಾಯುವುದಿಲ್ಲ, ಫೋನಿನಲ್ಲಿ ಉತ್ತರ ಹುಡುಕಿಬಿಡುತ್ತಾರೆ ಎಂದು ಒಮ್ಮೆ ಬೇಸರಪಟ್ಟ. ಅಕ್ಕ ಅವನಿಗೆ, ಮೊದಲು ಅವರ ಕೈಗೆ ಏನಾದರೂ ಕೆಲಸ ಕೊಡು ಎಂದು ಹೇಳಿದಳು. ಮಣಿ ಪೋಣಿಸಲು ಕೊಟ್ಟನಂತೆ. ಈಗ ವಾರದ ತನಕ ಜಗಳವಾಡುತ್ತ ಕಾಯುತ್ತಾರಂತೆ.

ಅಕ್ಕ ಈ ಭೂಮಿ ಹುಣ್ಣಿಮೆಗೆ ಮೊಮ್ಮಗಳನ್ನು ಕರೆದುಕೊಂಡು ಮೈಸೂರಿನಿಂದ ಬರುತ್ತಿದ್ದಾಳೆ. ಬುಟ್ಟಿ ಬರೆಯಲು ಎಲ್ಲ ಸಿದ್ಧ ಮಾಡಿಡು ಎಂದು ತಿಂಗಳ ಮೊದಲೇ ಅಪ್ಪಣೆಯಾಗಿದೆ. ಚಿತ್ತಾರದಮ್ಮನ ಸೊಸೆ ಬಂದು ಹೇಳಿಕೊಡಲು ಒಪ್ಪಿದ್ದಾರೆ. ಕೆಮ್ಮಣ್ಣು ಗುಡ್ಡದ ಆ ಹಳೆಯ ಕಡಿಯಲ್ಲೇ ಸಿಕ್ಕಿತು, ಜರಡಿ ಹಿಡಿದು ಇಟ್ಟಿದ್ದೇನೆ. ಪುಂಡಿ ನಾರು ನೆನೆಹಾಕಿದ್ದಾಗಿದೆ. ಗುರಿಗೆ ಕಾಯಿ ಇನ್ನೂ ಸಿಕ್ಕಿಲ್ಲ, ಕಾಡಿನ ಕಡೆ ಹೋಗುವವರಿಗೆಲ್ಲ ಹೇಳಿದ್ದೇನೆ. ಬುಟ್ಟಿ ಹೆಣೆಯುವವರು ಒಂದೇ ಬುಟ್ಟಿ ಕೊಟ್ಟರು. ಮೊಮ್ಮಗಳಿಗೂ ಅವಳದೇ ಒಂದು ಬೇಕು, ಚಿಕ್ಕದು, ಎಂದು ಅಕ್ಕ ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದಳು. ನಾಳೆ ಬೆಳಗ್ಗೆ ಮತ್ತೆ ಅವರ ಮನೆಗೆ ಹೋಗಿ ಹೇಳಿ ಬರಬೇಕು.